ಎರಡು ಬೆರಳಷ್ಟು ಕಿಟಕಿ

ನಮ್ಮ ಊರಲ್ಲಿ ಕರೆಂಟು ಹೋದರೆ ಚಳಿ ಬರುತ್ತದೆ. ಮಾಘ ಮಾಸವೋ ಮೇ ತಿಂಗಳೋ ಎಂದು ಅದು ನೋಡುವುದಿಲ್ಲ. ಫ್ಯಾನು ತೂಕಡಿಸಿ ನಿಲ್ಲುವಷ್ಟರಲ್ಲಿ ಕಾಲ್ಬೆರಳು ಜುಮ್ಮೆನ್ನುತ್ತದೆ, ತಲೆಗೆ ಹಚ್ಚೋಣವೆಂದು ಸುರಿದುಕೊಂಡ ಕೊಬ್ಬರಿಎಣ್ಣೆ ಅಂಗೈಯಲ್ಲೇ ಹೆಪ್ಪುಗಟ್ಟುತ್ತದೆ. ಕರೆಂಟು ಬಂದರೆ ಚಳಿ ಹೋಗುತ್ತದೆ, ನಾವು ಸ್ವೆಟರು ಬಿಚ್ಚಿಟ್ಟು ಮಾವಿನಹಣ್ಣು ತಿನ್ನುವುದನ್ನು ಮುಂದುವರಿಸುತ್ತೇವೆ. ಹೊರಗಿನಿಂದ ಬರುವ ಬಸ್ಸಿನ ಕಂಡಕ್ಟರು ಊರ ಕಮಾನು ಹತ್ತಿರವಾದಾಗ ಊರಿನ ಹೆಸರು ಕೂಗುವುದಿಲ್ಲ, ಕರೆಂಟು ಇದೆ ಎಂದೋ ಇಲ್ಲ ಎಂದೋ ಕೂಗುತ್ತಾನೆ. ಇಲ್ಲ ಎಂದರೆ ಕರವಸ್ತ್ರದಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದವರೆಲ್ಲ ಅದೇ ಕರವಸ್ತ್ರವನ್ನು ಕಿವಿಗೆ ಕಟ್ಟಿಕೊಂಡು ಇಳಿಯುತ್ತಾರೆ. ಪೇಪರಿನಲ್ಲಿ ವಿದ್ಯುತ್ ವ್ಯತ್ಯಯ ಎಂದು ಬಂದ ದಿನ ಬೇರೆ ಊರಿನವರು ಟ್ಯಾಂಕಿಗೆ ನೀರು ತುಂಬಿಸಿಕೊಳ್ಳುತ್ತಾರೆ, ನಾವು ಕಂಬಳಿಯ ಟ್ರಂಕು ತೆಗೆಯುತ್ತೇವೆ.

ಇಂಥ ಊರಿನಲ್ಲಿ ಚಳಿ ಬಂದಾಗ ಕಿಟಕಿ ತೆರೆಯುವವರು ಒಬ್ಬರೇ, ಸಾವಾದ ಮನೆಯವರು. ಸತ್ತವರಿಗೆ ಬೆಚ್ಚಗಿರುವ ಅಗತ್ಯವಿಲ್ಲ, ಹೊರಟುಹೋಗಲು ದಾರಿ ಬೇಕು ಎಂದು ಹಿರಿಯರು ಮಾಡಿಟ್ಟ ಪದ್ಧತಿ. ಕರೆಂಟು ಇದ್ದಾಗ ತೆರೆದರೆ ಅದು ಬರೀ ಕಿಟಕಿ. ಹಾಗಾಗಿ ಕರೆಂಟು ಇರುವ ಹೊತ್ತಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಲೈನ್‌ಮನ್ನಿಗೆ ಹೇಳಿಕಳಿಸುತ್ತಾರೆ. ಅವನು ಬಂದು ಒಂದು ಗಳಿಗೆ ಬೀದಿಯ ಫ್ಯೂಸು ಕಿತ್ತಿಟ್ಟು, ತಾನೂ ಕಂಬಳಿ ಹೊದ್ದು, ತಲೆ ಬಗ್ಗಿಸಿ ಕಂಬದ ಕೆಳಗೆ ನಿಂತಿರುತ್ತಾನೆ. ಕಿಟಕಿ ತೆರೆದದ್ದು ಕಂಡಮೇಲೆಯೇ ಊರಿಗೆ ಸುದ್ದಿ. ಅದಕ್ಕೆ ಮೊದಲು ಅಳುವ ಸದ್ದು ಮೂರು ಬೀದಿಗೆ ಕೇಳಿದರೂ ಯಾರಿಗೂ ಏನೂ ಗೊತ್ತಿಲ್ಲವೆಂದೇ ಲೆಕ್ಕ. ತೀರಿಕೊಂಡರು ಎಂಬ ಮಾತನ್ನೇ ನಮ್ಮಲ್ಲಿ ಬಳಸುವುದಿಲ್ಲ. ಅವರ ಕಿಟಕಿ ತೆಗೆಯಿತಂತೆ ಎನ್ನುತ್ತಾರೆ. ಸಂತೆಯಲ್ಲಿ ಸೊಪ್ಪಿನ ಕಟ್ಟಿಗಾಗಿ ಜಗಳವಾದರೂ ನಿನ್ನ ಕಿಟಕಿ ತೆಗಿಯಾ ಎಂದೇ ಬೈಗುಳ ಶುರುವಾಗುತ್ತದೆ.

ನನ್ನ ಹೆಸರು ದಾಕ್ಷಾಯಿಣಿ. ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಚಳಿ ಅಂಗಡಿ. ಸೀಮೆಎಣ್ಣೆ ಹೀಟರು, ಗ್ಯಾಸ್ ಹೀಟರು, ರಬ್ಬರಿನ ಬಿಸಿನೀರಿನ ಚೀಲ, ಕಂಬಳಿ, ಕಿವಿ ಮುಚ್ಚುವ ಟೋಪಿ, ಕರೆಂಟು ಹೋದಾಗ ಮನುಷ್ಯರಿಗೆ ಏನೇನು ಬೇಕೋ ಎಲ್ಲ ಇಟ್ಟಿದ್ದೇವೆ. ಅಂಗಡಿ ಶುರುಮಾಡಿದವರು ನನ್ನ ಗಂಡ ಪರಶಿವಯ್ಯ. ಬಹಳ ಒಳ್ಳೆಯ ಮನುಷ್ಯ, ಆ ವಿಷಯದಲ್ಲಿ ಎರಡು ಮಾತಿಲ್ಲ. ಮೊದಲನೆಯ ವರ್ಷ ಅಂಗಡಿಯ ತುಂಬ ತಂದಿಟ್ಟದ್ದು ಕರೆಂಟಿನ ಹೀಟರುಗಳನ್ನು. ಕರೆಂಟು ಹೋದಾಗ ತಾನೇ ಚಳಿ, ಇದು ಓಡುವುದು ಯಾವುದರಲ್ಲಿ ಎಂದು ನಾನು ಕೇಳಿದಾಗ ಅವರು ಆ ಪೆಟ್ಟಿಗೆಗಳ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದರು. ಆಮೇಲೆ ಇನ್ವರ್ಟರಿಗೆ ಜೋಡಿಸಿ ನೋಡಿದರು. ಅರ್ಧ ದಿನ ಫ್ಯಾನು ಓಡಿಸುವ ಬ್ಯಾಟರಿ ಹೀಟರಿಗೆ ಹಾಲು ಕಾಯುವಷ್ಟು ಹೊತ್ತೂ ಬರಲಿಲ್ಲ. ಇನ್ವರ್ಟರಿನ ಕರೆಂಟನ್ನು ಚಳಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ದೀಪ ಉರಿಯುತ್ತಿದ್ದರೂ ಬಂದು ಕುಳಿತೇ ಇತ್ತು. ಅಂದಿನಿಂದ ಸಾಮಾನು ತರಿಸುವುದು ನನ್ನ ಕೆಲಸ, ಗಿರಾಕಿಗಳಿಗೆ ಕಾಫಿ ಕೊಡುವುದು ಅವರ ಕೆಲಸ.

ಗಿರಾಕಿಗಳಿಗೆ ಬುದ್ಧಿ ಹೇಳುವುದೂ ನನ್ನ ಪಾಲಿಗೇ ಬಂತು. ಸೀಮೆಎಣ್ಣೆ ಹೀಟರಿಗೆ ಉರಿಯುತ್ತಿರುವಾಗ ಎಣ್ಣೆ ಸುರಿಯಬೇಡಿ, ಆರಿಸಿ ತಣ್ಣಗಾದ ಮೇಲೆ ಸುರಿಯಿರಿ ಎಂದರೆ ತಲೆ ಆಡಿಸುವರು. ಗ್ಯಾಸಿನ ಟ್ಯೂಬಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಪರದೆಯಿಂದಲೂ ಹಾಸಿಗೆಯಿಂದಲೂ ಒಂದು ಮಾರು ದೂರ ಇಡಿ, ಉರಿಯುವುದನ್ನು ಉರಿಯಲು ಬಿಟ್ಟು ನಿದ್ದೆ ಮಾಡಬೇಡಿ ಎಂದರೂ ತಲೆ ಆಡಿಸುವರು. ಕೊನೆಯದಾಗಿ, ಒಳಗೆ ಬೆಂಕಿ ಇರುವಷ್ಟು ಹೊತ್ತೂ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ ಎನ್ನುವಷ್ಟರಲ್ಲಿ ಆಡುತ್ತಿದ್ದ ತಲೆ ನಿಂತುಬಿಡುವುದು. ಕೆಲವರು ಬಿಡ್ತು ಅನ್ನಿ ಎಂದು ನನ್ನಿಂದಲೇ ಹೇಳಿಸುವರು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದವರೂ ಉಂಟು.

ಸಾಲದ್ದಕ್ಕೆ ಹೀಟರಿನ ಪೆಟ್ಟಿಗೆಯ ಮೇಲೊಂದು ಚಿತ್ರ. ಅಪ್ಪ, ಅಮ್ಮ, ಮಗು ಹೀಟರಿನ ಸುತ್ತ ಕುಳಿತು ಹಲ್ಲು ಕಿರಿಯುತ್ತಿದ್ದಾರೆ, ಹಿಂದೆ ಕಿಟಕಿ ತೆರೆದಿದೆ. ಕಂಪನಿಯವರಿಗೆ ನಮ್ಮ ಊರಿನ ಸಮಾಚಾರ ಏನು ಗೊತ್ತು. ನಮ್ಮವರು ಆ ಚಿತ್ರವನ್ನು ಕಂಡು ನಿಂತುಬಿಡುತ್ತಿದ್ದರು. ಯಾರು ಹೋಗಿರೋದು, ಅಜ್ಜನಾ ಅಜ್ಜಿನಾ ಎಂದು ಕೇಳುವರು. ಹೋದವರು ಯಾರೇ ಆಗಲಿ, ಹೀಗೆ ನಗುವ ಮಕ್ಕಳು ಮೊಮ್ಮಕ್ಕಳು ಯಾರಿಗೂ ಬೇಡವಮ್ಮ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಕೊನೆಗೆ ನಮ್ಮ ಯಜಮಾನರು ಒಂದು ಡಬ್ಬಿ ಕಂದು ಬಣ್ಣ ತಂದು ಪ್ರತಿ ಪೆಟ್ಟಿಗೆಯ ಕಿಟಕಿಗೂ ಬಾಗಿಲು ಬರೆದು ಮುಚ್ಚಿದರು. ಅಂದಿನಿಂದ ವ್ಯಾಪಾರ ಕುದುರಿತು. ನಾನು ಮಾತ್ರ ಆ ಬಣ್ಣ ಬಳಿದ ಕಿಟಕಿ ಕಾಣದಂತೆ ಪೆಟ್ಟಿಗೆಗಳನ್ನು ಗೋಡೆ ಕಡೆ ತಿರುಗಿಸಿ ಇಡುತ್ತಿದ್ದೆ. ನಮ್ಮ ಮಾವನವರು ಹೋದದ್ದು ಅಂಥದೇ ಕೋಣೆಯಲ್ಲಿ. ಕೆಂಡ ತುಂಬಿದ ಅಗ್ಗಿಷ್ಟಿಕೆ ಪಕ್ಕದಲ್ಲಿ, ಬಾಗಿಲು ಭದ್ರ, ಕಿಟಕಿ ಭದ್ರ, ಕೋಣೆ ಮಗುವಿನ ತೊಟ್ಟಿಲಷ್ಟು ಬೆಚ್ಚಗೆ. ಊರವರು ಬಂದು ನೋಡಿ, ಪಾಪ, ಚಳಿ ಹೊಡೆಯಿತು ಎಂದರು. ನಮ್ಮಲ್ಲಿ ಹಾಗೆ ಹೋದವರೆಲ್ಲರಿಗೂ ಚಳಿಯೇ ಹೊಡೆದದ್ದು. ಉಳಿದವರು ಮನೆಗೆ ಹೋಗಿ ಕಿಟಕಿಯ ಸಂದಿಗೆ ಇನ್ನೊಂದು ಬಟ್ಟೆ ತುರುಕುತ್ತಿದ್ದರು. ಕೆಂಡಕ್ಕೆ ಹೊಗೆ ಇಲ್ಲದಿದ್ದರೂ ವಿಷ ಇರುತ್ತದೆ, ಅದಕ್ಕೆ ಬಣ್ಣವಿಲ್ಲ ವಾಸನೆಯಿಲ್ಲ ಎಂದು ಹೀಟರಿನ ಜೊತೆ ಬಂದ ಕಾಗದದಲ್ಲಿ ನಾನು ಓದಿದ್ದು ಆಮೇಲೆ. ಅವರು ಹೋದ ಬಳಿಕ ಅದೇ ಕಿಟಕಿಯನ್ನು ಹಾರುಹೊಡೆದು ತೆರೆದೆವಲ್ಲ, ಒಂದು ದಿನ ಮುಂಚೆ ಎರಡು ಬೆರಳು ತೆರೆದಿದ್ದರೆ ಆಗುತ್ತಿತ್ತು ಎಂದು ನೆನೆದು ನನಗೆ ಇಡೀ ಊರಿನ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಆ ಕೋಣೆ ನಮ್ಮ ಅತ್ತೆ ಪುಟ್ಟಗೌರಮ್ಮನವರದು. ಆ ಅಗ್ಗಿಷ್ಟಿಕೆಯೂ ಅವರದೇ, ತವರಿನಿಂದ ಬಳುವಳಿಯಾಗಿ ಬಂದ ಕಬ್ಬಿಣದ್ದು, ಮೂರು ಕಾಲು, ಎರಡು ಕಿವಿ. ನಮ್ಮ ಅಂಗಡಿಯ ಸಾಮಾನೆಂದರೆ ಅವರಿಗೆ ಆಟಿಕೆ. ಗ್ಯಾಸ್ ಹೀಟರು ಬುಸ್ಸೆನ್ನುತ್ತದೆ, ಮನೆಯಲ್ಲಿ ಹಾವು ಸಾಕಿದ ಹಾಗೆ ಎಂದರು. ಸೀಮೆಎಣ್ಣೆಯದು ನಾರುತ್ತದೆ ಎಂದರು. ಬಿಸಿನೀರಿನ ಚೀಲವನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಇದು ಹೆರಿಗೆ ಆಸ್ಪತ್ರೆಯದಲ್ಲವೇ ಎಂದು ವಾಪಸು ಕೊಟ್ಟರು. ಅಗ್ಗಿಷ್ಟಿಕೆಯೇ ಬೇಕಾದರೆ ಇರಲಿ, ಕಿಟಕಿ ಒಂದಿಷ್ಟು ತೆರೆಯೋಣ ಎಂದೆ. ಅದು ಬೀದಿಯ ಕಡೆಗಿದ್ದ ಗಾಜಿನ ಕಿಟಕಿ, ಮಾವನವರ ಕಾಲದ ನಂತರ ಚೌಕಟ್ಟಿಗೆ ಬಣ್ಣ ಬಳಿಸಿ ಬಾಗಿಲು ಅಂಟಿಕೊಂಡೇ ಹೋಗಿತ್ತು.

"ನಾನು ಬದುಕಿರೋವರ್ಗೂ ಈ ಕಿಟಕಿ ತೆಗೆಯೋ ಹಾಗಿಲ್ಲ ಕಣೇ ದಾಕ್ಷಾಯಿಣಿ," ಎಂದರು ಅತ್ತೆ. "ಆ ಚಿಕ್ಕತಾಯಿ ಎದುರಿಗೆ ಕೂತು ಅದನ್ನೇ ಕಾಯ್ತಾ ಇದ್ದಾಳೆ."

ಎದುರು ಮನೆಯ ಚಿಕ್ಕತಾಯಮ್ಮನವರೂ ನಮ್ಮ ಅತ್ತೆಯೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಜಗಳ ಶುರುವಾದದ್ದು ಉಪ್ಪಿನಕಾಯಿಯ ವಿಷಯಕ್ಕೋ ರಂಗೋಲಿಯ ವಿಷಯಕ್ಕೋ ಇಬ್ಬರಿಗೂ ಈಗ ಜ್ಞಾಪಕವಿಲ್ಲ. ಯಾರ ಕಿಟಕಿ ಮೊದಲು ತೆಗೆಯುತ್ತದೆ ನೋಡೋಣ ಎಂದು ಯಾವುದೋ ಕಾಲದಲ್ಲಿ ಇಬ್ಬರೂ ಸವಾಲು ಹಾಕಿಕೊಂಡಿದ್ದರು, ಅದು ಮಾತ್ರ ಚೆನ್ನಾಗಿ ಜ್ಞಾಪಕವಿತ್ತು. ಕರೆಂಟು ಹೋದಾಗಲೆಲ್ಲ ಎರಡೂ ಮನೆಯ ಗಾಜಿಗೆ ಒಳಗಿನಿಂದ ಆವಿ ಕಟ್ಟುವುದು. ಅತ್ತೆ ಸೆರಗಿನಿಂದ ತಮ್ಮ ಗಾಜನ್ನು ಒಂದು ರೊಟ್ಟಿಯಷ್ಟು ಅಗಲ ಒರೆಸಿ ಎದುರಿಗೆ ನೋಡುವರು. ಅಲ್ಲಿಯೂ ಅಷ್ಟೇ ಅಗಲ ಒರೆಸಿದ ಗಾಜಿನಲ್ಲಿ ಚಿಕ್ಕತಾಯಮ್ಮನ ಮೂಗು ಕಾಣಿಸುವುದು. ಇನ್ನೂ ಇದ್ದಾಳೆ ಎಂದು ಅತ್ತೆ ಬೇಸರದಿಂದ ಹೇಳಿ ಕೆಂಡ ಕೆದಕುವರು. ಕೋಣೆಯ ಬಾಗಿಲನ್ನಾದರೂ ನಾನು ಓರೆ ಮಾಡಿ ಬಂದರೆ, ನಾನು ಅತ್ತ ತಿರುಗಿದೊಡನೆ ಅದನ್ನು ಮುಚ್ಚಿ ಕೆಳಗಿನ ಸಂದಿಗೆ ಹಳೇ ಸೀರೆ ತುರುಕುವರು. ನಮ್ಮ ಯಜಮಾನರಿಗೆ ಹೇಳಿದರೆ, ಅಮ್ಮನಿಗೂ ನಿನಗೂ ಮಧ್ಯೆ ನಾನು ಬರುವುದಿಲ್ಲ ಎಂದು ಕಾಫಿ ಬೆರೆಸಲು ಹೋಗುವರು.

ಒಂದು ಬೇಸಗೆಯ ಮಧ್ಯಾಹ್ನ ಟ್ರಾನ್ಸ್‌ಫಾರ್ಮರು ಢಮ್ಮೆಂದಿತು. ಅಂಗಡಿಯಲ್ಲಿ ನೂಕುನುಗ್ಗಲು. ಬೆಳಗ್ಗೆ ಅತ್ತೆ ತಲೆ ಸಿಡಿತ ಎಂದಿದ್ದು ನನಗೆ ಸುಮ್ಮನೆ ನೆನಪಾಗಿ, ಗಲ್ಲಾಪೆಟ್ಟಿಗೆಯನ್ನು ಯಜಮಾನರಿಗೆ ಒಪ್ಪಿಸಿ ಮನೆಗೆ ಬಂದೆ. ಕೋಣೆಯ ಬಾಗಿಲು ಮುಚ್ಚಿತ್ತು. ಕೂಗಿದೆ, ಬೈಗುಳ ಬರಲಿಲ್ಲ. ನಮ್ಮ ಅತ್ತೆಯನ್ನು ಕೂಗಿ ಬೈಗುಳ ಬರದಿದ್ದರೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಭುಜ ಕೊಟ್ಟು ಬಾಗಿಲು ನೂಕಿದೆ. ಹೊಗೆ ಒಂದಿಷ್ಟೂ ಇಲ್ಲ, ಕೆಂಡ ಕೆಂಪಗೆ ಮುದ್ದಾಗಿ ಉರಿಯುತ್ತಿದೆ, ಅತ್ತೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕುಳಿತಂತೆಯೇ ಬಾಯಿ ತೆರೆದು ವಾಲಿದ್ದಾರೆ. ಮರುಗಳಿಗೆಗೆ ಒನಕೆ ಕೈಗೆ ಬಂದಿತ್ತು. ಕಿಟಕಿಯ ಚಿಲಕಕ್ಕೆ ಎತ್ತಿ ಎತ್ತಿ ಹೊಡೆದೆ. ಬಣ್ಣ ಕಿತ್ತು, ಕೀಲು ಕಿರುಚಿ, ಎರಡೂ ಬಾಗಿಲು ಬೀದಿಗೆ ಬಡಿದವು. ಅತ್ತೆಯನ್ನು ಹಾಸಿಗೆ ಸಮೇತ ನಡುಮನೆ ದಾಟಿಸಿ ಹಿತ್ತಲ ಜಗಲಿಗೆ ಎಳೆದುತಂದೆ. ಚಳಿಗಾಳಿ ಮುಖಕ್ಕೆ ರಾಚಿತು. ಕೆನ್ನೆ ತಟ್ಟಿದೆ, ಹೆಸರು ಹಿಡಿದೂ ಕರೆದೆ. ಅಷ್ಟು ವರ್ಷದಲ್ಲಿ ನಾನು ಅವರ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಬಹಳ ಹೊತ್ತಿನ ಮೇಲೆ ಕೆಮ್ಮಿದರು, ವಾಂತಿ ಮಾಡಿಕೊಂಡರು, ಕಣ್ಣು ಬಿಟ್ಟರು. ನಾನು ಜಗಲಿಯ ಮೇಲೆ ಕುಕ್ಕರಿಸಿ ಗಟ್ಟಿಯಾಗಿ ಅತ್ತುಬಿಟ್ಟೆ.

ತೊಂದರೆಯಾದದ್ದು ಅಲ್ಲೇ. ತೆರೆದ ಕಿಟಕಿ, ಒಳಗಿನಿಂದ ಸೊಸೆಯ ಅಳು. ಊರಿಗೆ ಇನ್ನೇನು ಬೇಕು. ನಾನು ಕಣ್ಣೊರೆಸಿಕೊಂಡು ಒಳಗೆ ಬರುವಷ್ಟರಲ್ಲಿ ನಡುಮನೆಯ ತುಂಬ ಜನ ಕಂಬಳಿ ಹೊದ್ದು, ತಲೆ ಬಗ್ಗಿಸಿ ಕುಳಿತಿದ್ದರು. ಎಲ್ಲರಿಗಿಂತ ಮೊದಲು ಬಂದವರು ಚಿಕ್ಕತಾಯಮ್ಮ. ನಮ್ಮ ಯಜಮಾನರು ಅಂಗಡಿಯಿಂದ ಓಡಿಬಂದು ನನ್ನ ಕೈ ಹಿಡಿದು, ಹೂವಿನ ಪಲ್ಲಕ್ಕಿಗೆ ಹೇಳಿಯೇ ಬಂದೆ ಕಣೇ, ಸೇವಂತಿಗೆ ಇಲ್ಲವಂತೆ, ಅಮ್ಮನಿಗೆ ಸೇವಂತಿಗೆಯೇ ಇಷ್ಟ ಎಂದು ಬಿಕ್ಕಿದರು. ನಾನು ಬಾಯಿ ತೆರೆದಾಗಲೆಲ್ಲ ಯಾರೋ ನನ್ನನ್ನು ತಬ್ಬಿಕೊಂಡು ಅಳಲು ಶುರುಮಾಡುತ್ತಿದ್ದರು. ಹೋದವರ ಗುಣಗಾನಕ್ಕೆ ನಮ್ಮಲ್ಲಿ ಹಿರಿಯರು ಮೊದಲು ಬಾಯಿ ತೆರೆಯಬೇಕು. ಚಿಕ್ಕತಾಯಮ್ಮ ಮೂಗು ಒರೆಸಿಕೊಂಡು, ಪುಟ್ಟಗೌರಿಯಂಥ ಗಟ್ಟಿಗಿತ್ತಿ ಈ ಬೀದಿಗೆ ಇನ್ನು ಬರುವುದಿಲ್ಲ ಎಂದರು. ಅವಳ ಮನೆಯ ಮಾವಿನ ಉಪ್ಪಿನಕಾಯಿ ಇಡೀ ಊರಿಗೆ ಹೆಸರು ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದನ್ನು ಅವಳು ಕಲಿತದ್ದು ನನ್ನಿಂದಲೇ, ಆದರೂ ಚೆನ್ನಾಗಿಯೇ ಹಾಕುತ್ತಿದ್ದಳು ಎಂದು ಸೇರಿಸಿದರು.

"ಯಾರು ಯಾರಿಂದ ಕಲ್ತಿದ್ದು?" ಎಂದು ಹಿತ್ತಲ ಕಡೆಯಿಂದ ದನಿ ಬಂತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಕೂದಲು ಕೆದರಿ, ಹಾಸಿಗೆಯ ಹೊದಿಕೆ ಸುತ್ತಿಕೊಂಡು. ಒಂದಿಬ್ಬರು ಗೋಡೆ ಕಡೆ ಸರಿದರು. ಸಾಸಿವೆ ಹುರಿದು ಹಾಕಬೇಕೆಂದು ತಿಳಿಯದೆ ಮೂರು ವರ್ಷ ಬೂಸಲು ಬರಿಸಿಕೊಂಡು ಕುಳಿತಿದ್ದವಳು ಯಾರು ಎಂದು ಅತ್ತೆ ಕೇಳುತ್ತಿದ್ದಂತೆ ಅವರ ಕಾಲು ಕುಸಿಯಿತು. ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದೆವು. ಮೂಗಿಗೆ ಆಮ್ಲಜನಕ ಕೊಟ್ಟರು. ಕೆಂಡದ ವಿಷವೇ ಎಂದು ಡಾಕ್ಟರರೂ ಹೇಳಿದರು, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಮಾತು ಅಲ್ಲಿಗೆ ನಿಲ್ಲಿಸಿದರು. ಅವರು ಹೊರಗಿನಿಂದ ಬಂದವರು, ಆ ಮಾತನ್ನು ನಮ್ಮ ಊರಲ್ಲಿ ಹೇಗೆ ಮುಗಿಸುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ.

ಅತ್ತೆ ಮನೆಗೆ ಬಂದಮೇಲೆ ನನಗೆ ಮೆಚ್ಚುಗೆ ಸಿಗುತ್ತದೆ ಎಂದುಕೊಂಡಿದ್ದೆ. ಅವರು ನನ್ನ ಜೊತೆ ಮಾತು ಬಿಟ್ಟರು. ತಾವು ಸೋತದ್ದು ನನ್ನಿಂದ, ಚಿಕ್ಕತಾಯಿ ಗೆದ್ದದ್ದು ನನ್ನಿಂದ ಎಂದು ಅವರ ಎಣಿಕೆ. ಕಿಟಕಿ ತೆಗೆದಮೇಲೆ ನಾನು ಸತ್ತ ಹಾಗೇ ತಾನೇ ಎಂದು ಬೀದಿಯವರಿಗೆಲ್ಲ ಹೇಳಿದರು. ಬೀದಿಯವರಿಗೂ ಇದು ಸರಿಯೆನಿಸಿತು. ಸಾವಿಲ್ಲದೆ ಕಿಟಕಿ ತೆಗೆದರೆ ಬೇರೆ ಯಾರಿಗೆ ಕಾದಿದೆಯೋ ಎಂಬ ಭಯ ಅವರಿಗಿತ್ತು. ಪುಟ್ಟಗೌರಮ್ಮನೇ ಒಪ್ಪಿಕೊಂಡು ಸತ್ತರೆ ಎಲ್ಲರಿಗೂ ನಿರಾಳ. ಅಂದಿನಿಂದ ಅತ್ತೆ ಸತ್ತವರ ಗತ್ತಿನಲ್ಲಿ ಬದುಕತೊಡಗಿದರು. ಮನೆಯ ಕೆಲಸ ಮುಟ್ಟುತ್ತಿರಲಿಲ್ಲ, ಸತ್ತವರು ಬೀನ್ಸ್ ಬಿಡಿಸುತ್ತಾರೆಯೇ. ಊಟ ಮಾತ್ರ ಬಿಡಲಿಲ್ಲ. ನನಗೆ ಹೇಳಬೇಕಾದ್ದನ್ನು ಮಗನ ಮೂಲಕ ಹೇಳಿಸುವರು.

"ಪರಶಿವ, ನಿನ್ನ ಹೆಂಡ್ತಿಗೆ ಹೇಳಪ್ಪ. ಸತ್ತೋರ ಕಾಫಿಗೆ ಸಕ್ಕರೆ ಇನ್ನೊಂದು ಚೂರು ಬೀಳ್ಬೇಕು."

ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಯಜಮಾನರು ನನ್ನ ಕಡೆ ತಿರುಗಿ ಅದನ್ನೇ ಅಕ್ಷರ ಬಿಡದೆ ಒಪ್ಪಿಸುವರು. ನಗು ಬಂದರೂ ಒಳಗೆ ನೋಯುತ್ತಿತ್ತು. ನನ್ನ ತಾಯಿ ಬೇಗ ಹೋದವರು. ಈ ಮನೆಗೆ ಬಂದಾಗಿನಿಂದ ನನ್ನನ್ನು ಬೈದು ತಿದ್ದಿದವರು, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದವರು ಇವರೊಬ್ಬರೇ. ಸುಮ್ಮನೆ ಒಂದು ಸಲ ಹೆಸರು ಹಿಡಿದು ಬೈದರೆ ಸಾಕಿತ್ತು.

ಇದಕ್ಕಿಂತ ದೊಡ್ಡ ಚಿಂತೆ ಚಳಿಯದು. ಅಗ್ಗಿಷ್ಟಿಕೆಯನ್ನು ನಾನು ತೊಳೆದು ಅದರಲ್ಲಿ ತುಳಸಿ ನೆಟ್ಟುಬಿಟ್ಟಿದ್ದೆ. ಸತ್ತವರಿಗೆ ಬಿಸಿ ಬೇಡ ಎಂದು ಅತ್ತೆಯೂ ಹಟ ಹಿಡಿದಿದ್ದರು. ಒಂದು ದಿನ ಅಂಗಡಿಯಲ್ಲಿ ಕುಳಿತು ಯೋಚಿಸುತ್ತ ಇದ್ದಾಗ ನನಗೆ ಫಕ್ಕನೆ ಹೊಳೆಯಿತು. ಮನೆಗೆ ಹೋಗಿ ಯಜಮಾನರನ್ನು ಮಧ್ಯೆ ಕೂರಿಸಿಕೊಂಡು, ನಿಮ್ಮ ಅಮ್ಮನಿಗೆ ಹೇಳಿ, ಸತ್ತವರ ಕಿಟಕಿ ತೆರೆದಿರಬಹುದಲ್ಲ, ಅದು ಪದ್ಧತಿಯೇ ತಾನೇ ಎಂದೆ. ಅವರು ಹೇಳಿದರು. ಅತ್ತೆ ಬಹಳ ಹೊತ್ತು ಕೂದಲು ಸಿಕ್ಕು ಬಿಡಿಸಿಕೊಂಡರು. ಪದ್ಧತಿಯ ಮಾತಿನಲ್ಲಿ ಅವರಿಗೆ ತಪ್ಪು ಸಿಗಲಿಲ್ಲ. ಹೊದಿಕೆಯೊಳಗೆ ಬಿಸಿನೀರಿನ ಚೀಲ ಇಟ್ಟರೆ ಅದು ಬೆಂಕಿಯಲ್ಲ, ಹಾಗಾಗಿ ಅದಕ್ಕೂ ಅಡ್ಡಿಯಿಲ್ಲ ಎಂದು ಮಗನ ಮೂಲಕ ತಿಳಿಸಿದರು. ಕುದಿಯುವ ನೀರು ಸುರಿಯದೆ, ಚೀಲಕ್ಕೊಂದು ಬಟ್ಟೆ ಸುತ್ತಿ ಕೊಟ್ಟೆ. ತೀರಾ ಚಳಿಯಾದಾಗ ಸೀಮೆಎಣ್ಣೆ ಹೀಟರನ್ನು ಬಾಗಿಲ ಹತ್ತಿರ, ಹಾಸಿಗೆಯಿಂದ ದೂರ ಹಚ್ಚಿಟ್ಟು ನಾನೇ ಕಾದು ಕುಳಿತು, ಅವರಿಗೆ ಜೊಂಪು ಹತ್ತುವ ಮುಂಚೆ ಆರಿಸುತ್ತಿದ್ದೆ. ವಾಸನೆಯ ಬಗ್ಗೆ ಮಗನ ಮೂಲಕ ದೂರು ಬರುತ್ತಿತ್ತು. ಕಿಟಕಿ ಎರಡು ಬೆರಳಷ್ಟು ತೆರೆದೇ ಇರುತ್ತಿತ್ತು. ಇಡೀ ಊರಿನಲ್ಲಿ ಸರಿಯಾಗಿ ಉಸಿರಾಡುತ್ತಿದ್ದವರು ಸತ್ತ ನಮ್ಮ ಅತ್ತೆ ಒಬ್ಬರೇ.

ತೆರೆದ ಕಿಟಕಿಯ ರುಚಿ ಅವರಿಗೆ ಬೇಗ ಹತ್ತಿತು. ಚಳಿಯಲ್ಲಿ ಊರೆಲ್ಲ ಗಾಜಿನ ಹಿಂದೆ ಮೂಕವಾಗಿ ಕುಳಿತಿದ್ದರೆ ಇವರಿಗೆ ಬೀದಿಯ ಮಾತೆಲ್ಲ ಕೇಳಿಸುತ್ತಿತ್ತು. ಹೋಗುವವರು ಬರುವವರಿಗೆ ಆ ಎರಡು ಬೆರಳಿನ ಸಂದಿಯಿಂದಲೇ ಸಲಹೆ ಕೊಡುವರು. ಎದುರಿನ ಗಾಜಿನಲ್ಲಿ ಚಿಕ್ಕತಾಯಮ್ಮನ ಮೂಗು ಈಗ ಹೆಚ್ಚು ಹೊತ್ತು ಅಂಟಿಕೊಂಡಿರುತ್ತಿತ್ತು. ಗೆದ್ದರೂ ಆಕೆಗೆ ಸಮಾಧಾನ ಇದ್ದಂತೆ ಕಾಣಲಿಲ್ಲ.

ಮಳೆಗಾಲದ ಮೊದಲ ಗಾಳಿಗೆ ಕಂಬ ಉರುಳಿ ಬೆಳಗ್ಗೆಯೇ ಕರೆಂಟು ಹೋಯಿತು. ನಾನು ಅಡುಗೆಮನೆಯಲ್ಲಿ ಅತ್ತೆಯ ಚೀಲಕ್ಕೆ ನೀರು ಕಾಯಿಸುತ್ತಿದ್ದೆ. ಕೋಣೆಯಿಂದ ನನ್ನ ಹೆಸರು ಕೇಳಿಸಿತು. ನಂಬಿಕೆ ಬರದೆ ಹಾಗೇ ನಿಂತೆ. ಇನ್ನೊಮ್ಮೆ ಕೇಳಿಸಿತು.

"ದಾಕ್ಷಾಯಿಣಿ, ಬಾರೇ ಇಲ್ಲಿ. ಅವಳು ನನ್ನನ್ನ ನೋಡ್ತಾ ಇಲ್ಲ."

ಓಡಿಹೋದೆ. ಎದುರಿನ ಗಾಜಿಗೆ ಆವಿ ಕಟ್ಟಿತ್ತು, ಒರೆಸಿದ ಗುರುತು ಎಲ್ಲೂ ಇರಲಿಲ್ಲ. ಮಲಗಿರಬಹುದು ಎಂದೆ. ಕರೆಂಟು ಹೋದಮೇಲೆ ನಾನು ಬದುಕಿದ್ದೀನೋ ಇಲ್ಲವೋ ನೋಡದೆ ಅವಳು ಒಂದು ದಿನವೂ ಮಲಗಿದವಳಲ್ಲ ಎಂದರು ಅತ್ತೆ. ಚಿಕ್ಕತಾಯಮ್ಮನ ಮಗ ಸೊಸೆ ಮದುವೆಗೆಂದು ಪಕ್ಕದ ಊರಿಗೆ ಹೋಗಿದ್ದರು. ನಾನು ಯೋಚನೆ ಮಾಡುತ್ತಿರುವಾಗಲೇ ಅತ್ತೆ ಮೂಲೆಯ ಒನಕೆ ಎತ್ತಿಕೊಂಡು, ಚಪ್ಪಲಿ ಕೂಡ ಹಾಕದೆ ಬೀದಿಗೆ ಇಳಿದಿದ್ದರು. ಸತ್ತು ತಿಂಗಳುಗಳಾದ ಹೆಂಗಸು ಒನಕೆ ಹಿಡಿದು ಬೀದಿ ದಾಟುವುದನ್ನು ಕಂಡು ಸೊಪ್ಪಿನವನು ಗಾಡಿ ಬಿಟ್ಟು ಹಿಂದೆ ಸರಿದ. ಅತ್ತೆ ಎದುರು ಮನೆಯ ಬಾಗಿಲು ಬಡಿಯಲಿಲ್ಲ, ಕರೆಯಲೂ ಇಲ್ಲ. ನೇರವಾಗಿ ಕಿಟಕಿಗೆ ಹೊಡೆದರು. ಒಂದು ಗಾಜು ಹೋಯಿತು, ಇನ್ನೊಂದು ಹೋಯಿತು. ಒಳಗಿಂದ ಕೆಂಡದ ಬಿಸಿ ಗಾಳಿ ಭಗ್ಗನೆ ಮುಖಕ್ಕೆ ಬಂತು. ಗಾಜಿನ ಸದ್ದಿಗೆ ಓಡಿಬಂದ ಯಜಮಾನರು ಹಿತ್ತಲ ಗೋಡೆ ಹಾರಿ ಒಳಹೋಗಿ ಬಾಗಿಲು ತೆಗೆದರು. ನಾನೂ ಅವರೂ ಸೇರಿ ಚಿಕ್ಕತಾಯಮ್ಮನನ್ನು ಜಗಲಿಗೆ ಹೊತ್ತುತಂದೆವು. ಅತ್ತೆ ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆನ್ನೆಗೆ ಹೊಡೆಯತೊಡಗಿದರು. ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಹೊಡೆದರು, ನಾನು ನೋಡಿದ್ದೇನೆ. ಅತ್ತೆಯ ಕೆನ್ನೆಯ ಮೇಲೆ ಮಾತ್ರ ನೀರು ಇಳಿಯುತ್ತಿತ್ತು.

ಕೊನೆಗೆ ಚಿಕ್ಕತಾಯಮ್ಮ ಕಣ್ಣು ಬಿಟ್ಟರು. ತಮ್ಮ ಕಿಟಕಿಯ ಕಡೆ ನೋಡಿದರು.

"ಯಾವಳೇ ನನ್ನ ಕಿಟಕಿ ಒಡೆದೋಳು?"

"ನಾನೇ ಕಣೇ," ಎಂದರು ಅತ್ತೆ. "ನೀನು ಇಲ್ದೆ ನಾನು ಯಾರಿಗೇಂತ ಬದುಕಿರ್ಲಿ?"

ಸತ್ತೆ ಎಂದು ತಾವೇ ಸಾರಿದ್ದು ಆ ಗಳಿಗೆಯಲ್ಲಿ ಅವರಿಗೆ ಮರೆತೇಹೋಗಿತ್ತು. ಕಂಬಳಿ ಹೊದ್ದು ಬಂದಿದ್ದ ಊರವರು ಯಾರೂ ಅದನ್ನು ನೆನಪಿಸಲಿಲ್ಲ. ನಾವು ಆಟೋ ಹತ್ತಿಸುವಷ್ಟರಲ್ಲಿ ಇಬ್ಬರೂ ಸಾಸಿವೆಯ ವಿಷಯಕ್ಕೆ ಮರಳಿದ್ದರು.

ಆಮೇಲೆ ಊರು ಬದಲಾದದ್ದಕ್ಕೆ ನನ್ನ ಬುದ್ಧಿಮಾತು ಕಾರಣವೆಂದು ಹೇಳಿಕೊಳ್ಳಲು ನನಗೆ ಆಸೆಯಿದೆ, ಆದರೆ ಅದು ಸುಳ್ಳು. ಎದುರುಬದುರಾಗಿ ಇಬ್ಬರು ಮುದುಕಿಯರು ತೆರೆದ ಕಿಟಕಿಗಳಲ್ಲಿ ಕುಳಿತು ಚಳಿಯಲ್ಲಿ ದಿನವಿಡೀ ಜಗಳವಾಡುವುದನ್ನು ಕಂಡು, ಉಳಿದ ಮುದುಕಿಯರಿಗೆ ಗಾಜಿನ ಹಿಂದೆ ಸುಮ್ಮನೆ ಕೂರುವುದು ಅಸಾಧ್ಯವಾಯಿತು. ಒಂದೊಂದೇ ಮನೆಯ ಕಿಟಕಿ ಎರಡು ಬೆರಳಷ್ಟು ತೆರೆಯಿತು. ಚಳಿ ಹೊಡೆದು ಹೋಗುವವರು ಕಡಿಮೆಯಾದರು. ನಮ್ಮ ಯಜಮಾನರು ಒದ್ದೆ ಬಟ್ಟೆ ಹಿಡಿದು ಕುಳಿತು ಪೆಟ್ಟಿಗೆಗಳ ಕಂದು ಬಣ್ಣ ಉಜ್ಜಿದರು, ಅಪ್ಪ ಅಮ್ಮ ಮಗುವಿನ ಹಿಂದೆ ಕಿಟಕಿ ಮತ್ತೆ ತೆರೆಯಿತು. ಈಗ ಕರೆಂಟು ಹೋದ ಹೊತ್ತಿನಲ್ಲಿ ಹಳೆಯ ಪದ್ಧತಿ ಬಲ್ಲವರು ಯಾರಾದರೂ ಬಂದು ನೋಡಿದರೆ ಊರಿಗೆ ಊರೇ ಸತ್ತಿದೆ ಎಂದುಕೊಳ್ಳಬೇಕು. ಒಳಗೆ ನೋಡಿದರೆ ಎಲ್ಲರೂ ಇರುತ್ತಾರೆ. ಕಿಟಕಿ ತೆಗಿಯಾ ಎಂಬ ಬೈಗುಳಕ್ಕೆ ಮಾತ್ರ ಅರ್ಥ ಹೋಯಿತು. ಮಕ್ಕಳನ್ನು ಅಂಗಡಿಗೆ ಕಳಿಸುವಾಗ ತಾಯಂದಿರು ಅದನ್ನು ಮುದ್ದಿಗೆ 'ನಿನ್ನ ಕಿಟಕಿ ತೆಗಿಯಾ, ಬೇಗ ಬಾ' ಎಂದು ಬಳಸುವುದನ್ನು ಕೇಳಿದ್ದೇನೆ.

ಅತ್ತೆ ಹೋದದ್ದು ಮೊನ್ನೆಯ ಪುಷ್ಯದಲ್ಲಿ. ಕೆಂಡವಿಲ್ಲ, ವಿಷವಿಲ್ಲ. ವಯಸ್ಸಾಗಿತ್ತು. ಬೆಳಗ್ಗೆ ಕಾಫಿ ಕುಡಿದು, ಸಕ್ಕರೆ ಕಡಿಮೆ ಎಂದು ನನ್ನನ್ನು ಬೈದು, ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದರು. ನಾನು ಹೋಗಿ ಮುಟ್ಟಿದಾಗ ಚೀಲ ಇನ್ನೂ ಬೆಚ್ಚಗಿತ್ತು. ಕರೆಂಟು ಇರಲಿಲ್ಲ, ಬೀದಿಯ ಕಿಟಕಿಗಳೆಲ್ಲ ಎಂದಿನಂತೆ ಎರಡು ಬೆರಳಷ್ಟು ತೆರೆದಿದ್ದವು. ನಮ್ಮದೂ ತೆರೆದಿತ್ತು. ಊರಿಗೆ ಹೇಗೆ ತಿಳಿಸುವುದು ಎಂದು ನನಗೆ ತೋಚಲಿಲ್ಲ. ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಕೊನೆಗೆ ಎದ್ದುಹೋಗಿ ಕಿಟಕಿಯನ್ನು ಪೂರ್ತಿ ಮುಚ್ಚಿ ಚಿಲಕ ಹಾಕಿದೆ.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೋಲಿನ ಸದ್ದು ಕೇಳಿಸಿತು. ಚಿಕ್ಕತಾಯಮ್ಮ ಏದುಸಿರು ಬಿಡುತ್ತ, ಹೊದ್ದ ಕಂಬಳಿ ಜಾರುತ್ತಿದ್ದರೂ ಎತ್ತಿಕೊಳ್ಳದೆ ಒಳಗೆ ಬಂದರು.

"ಯಾಕೇ ಮುಚ್ಚಿದ್ದೀ? ಅವಳಿಗೆ ಉಸಿರು ಕಟ್ಟಲ್ವೇನೇ? ತೆಗಿ ಮೊದ್ಲು," ಎಂದರು.

ಅವರು ನನ್ನ ಮುಖ ನೋಡಿದರು, ಹಾಸಿಗೆ ನೋಡಿದರು. ಕೋಲನ್ನು ಗೋಡೆಗೆ ಒರಗಿಸಿ, ತಾವೇ ಚಿಲಕ ಎತ್ತಿ, ಎರಡೂ ಬಾಗಿಲನ್ನು ಬೀದಿಯ ಕಡೆಗೆ ಪೂರ್ತಿ ತಳ್ಳಿದರು. ಚಳಿ ಒಳಗೆ ಬಂತು. ಅವರು ಹಾಸಿಗೆಯ ಪಕ್ಕದಲ್ಲಿ ಕುಳಿತು, ಬೇಕಾದರೆ ಉಪ್ಪಿನಕಾಯಿ ನಾನೇ ನಿನ್ನಿಂದ ಕಲಿತದ್ದು ಎಂದು ಇಟ್ಟುಕೋ ಎಂದು ಅತ್ತೆಗೆ ಹೇಳಿದರು. ಆಮೇಲೆ ಅವರಿಬ್ಬರಿಗೂ ಸೇರಿಸಿ ನಾನು ಒಂದೇ ಕಂಬಳಿ ಹೊದಿಸಿದೆ.